ಕೆಲಸಕ್ಕೆ ಬಾರದ ಕಸುಬು

ನ್ಯೂಯಾರ್ಕ್ ನಗರದಲ್ಲಿ ಮರದ ದೋಣಿ ಕಟ್ಟಿ ಹೊಟ್ಟೆ ಹೊರೆಯುತ್ತೇನೆ ಅಂತ ಯಾರಾದರೂ ಹೇಳಿದರೆ ಅವರನ್ನು ಅಯ್ಯೋ ಪಾಪ ಅಂತ ನೋಡಬೇಕಾಗುತ್ತದೆ. ಆ ಕಸುಬು ಅಲ್ಲಿ ಮುಗಿದು ಎಷ್ಟೋ ಕಾಲವಾಯಿತು. ದೋಣಿ ಬೇಕಾದವರು ಫೈಬರಿನದ್ದೋ ಅಲ್ಯೂಮಿನಿಯಂನದ್ದೋ ಕೊಂಡು ತರುತ್ತಾರೆ. ಹೀಗಿದ್ದೂ ಆ ನಗರದ ಅತಿ ಬಡ ಭಾಗಗಳಲ್ಲೊಂದಾದ ಸೌತ್ ಬ್ರಾಂಕ್ಸ್‌ನಲ್ಲಿ ಹೈಸ್ಕೂಲು ಹುಡುಗ ಹುಡುಗಿಯರು ಶಾಲೆ ಬಿಟ್ಟ ಮೇಲೆ ಒಂದು ಕಾರ್ಯಾಗಾರಕ್ಕೆ ಬರುತ್ತಾರೆ. ಉಳಿ, ಹತ್ತರಿ, ಗರಗಸ ಹಿಡಿದು ಹತ್ತೊಂಬತ್ತನೇ ಶತಮಾನದ ಮಾದರಿಯ ದೋಣಿ ಕಟ್ಟುತ್ತಾರೆ. ಸಂಸ್ಥೆಯ ಹೆಸರು ರಾಕಿಂಗ್ ದಿ ಬೋಟ್.

ಮೊದಲು ಇದನ್ನು ಕೇಳಿದಾಗ ನನಗೆ ಬಂದ ಪ್ರಶ್ನೆ ನಿಮಗೂ ಬಂದಿರುತ್ತದೆ. ಕಂಪ್ಯೂಟರ್ ಕಲಿಸಬಾರದಾ? ಪ್ಲಂಬಿಂಗ್, ವೈರಿಂಗ್ ಕಲಿಸಿದ್ದರೆ ನಾಳೆ ಬೆಳಿಗ್ಗೆ ಕೂಲಿಯಾದರೂ ಸಿಗುತ್ತಿತ್ತು. ಮೊದಲೇ ಕಷ್ಟದಲ್ಲಿರುವ ಮಕ್ಕಳು. ಅವರ ಹೊತ್ತನ್ನು ಮಾರ್ಕೆಟ್ಟಿನಲ್ಲಿ ಬೆಲೆಯೇ ಇಲ್ಲದ ಕೆಲಸಕ್ಕೆ ಸುರಿಯುವುದು ಶ್ರೀಮಂತರ ಶೋಕಿ ಅಂತ ನಾನು ಅಂದುಕೊಂಡಿದ್ದೆ.

ಈಗ ಹಾಗೆ ಅನ್ನಿಸುವುದಿಲ್ಲ. ಆ ಕಸುಬು ಯಾರಿಗೂ ಬೇಡವಾಗಿರುವುದರಿಂದಲೇ ಆ ಮಕ್ಕಳಿಗೆ ಒದಗಿ ಬರುತ್ತಿದೆ ಅನ್ನುವುದು ನನ್ನ ವಾದ. ಸ್ವಲ್ಪ ಉದ್ದದ ವಾದ. ಕಾಫಿ ಇಟ್ಟುಕೊಂಡು ಓದಿ.

ಮೊದಲು ಜಾಗದ ಬಗ್ಗೆ ಹೇಳಬೇಕು. ಆ ಕಾರ್ಯಾಗಾರ ಇರುವುದು ಹಂಟ್ಸ್ ಪಾಯಿಂಟಿನಲ್ಲಿ, ಅಂದರೆ ಬ್ರಾಂಕ್ಸ್‌ನ ದಕ್ಷಿಣದ ಒಂದು ಮೂಲೆ. ಈಸ್ಟ್ ರಿವರ್ ಮತ್ತು ಬ್ರಾಂಕ್ಸ್ ನದಿ ಸೇರುವಲ್ಲಿ ಚಾಚಿಕೊಂಡಿರುವ ನೆಲ. ನ್ಯೂಯಾರ್ಕಿಗೆ ಬೇಕಾದ ಹಣ್ಣು, ತರಕಾರಿ, ಮಾಂಸದ ದೊಡ್ಡ ಸಗಟು ಮಾರುಕಟ್ಟೆಗಳು ಇರುವುದು ಇಲ್ಲೇ. ಮ್ಯಾನ್‌ಹಟನ್‌ನಲ್ಲಿದ್ದ ಹಳೆಯ ಫುಲ್ಟನ್ ಮೀನು ಮಾರುಕಟ್ಟೆಯೂ 2005ರಲ್ಲಿ ಇಲ್ಲಿಗೇ ಬಂತು. ಹಗಲೂ ರಾತ್ರಿ ಲಾರಿಗಳು. ಯಶವಂತಪುರದ ಎಪಿಎಂಸಿ ಯಾರ್ಡಿನ ಸುತ್ತ ಓಡಾಡಿದವರಿಗೆ ಆ ಗದ್ದಲ, ಆ ಡೀಸೆಲ್ ವಾಸನೆ ಏನಂತ ಹೇಳಿಕೊಡಬೇಕಾಗಿಲ್ಲ. ಆಸ್ತಮಾ ಇರುವ ಮಕ್ಕಳೂ ಇಲ್ಲಿ ಜಾಸ್ತಿ. ಊರಿಗೆಲ್ಲ ಊಟ ಕಳಿಸುವ ಕೇರಿಯಲ್ಲೇ ಬಡತನ ಹೀಗೆ ಬೇರೂರಿದೆ.

ಈ ಕೇರಿಗೆ ಇನ್ನೊಂದು ಗುರುತೂ ಇತ್ತು. ಸ್ಪಾಫರ್ಡ್ ಅನ್ನುವ ಬಾಲಾಪರಾಧಿಗಳ ಬಂಧೀಖಾನೆ ಇದ್ದದ್ದು ಇಲ್ಲೇ. ಹತ್ತಾರು ವರ್ಷ ನಗರದ ಮಕ್ಕಳನ್ನು ಅಲ್ಲಿ ಕೂಡಿಹಾಕಿದರು. ಅದು ಮುಚ್ಚಿದ್ದು 2011ರಲ್ಲಿ. ನ್ಯೂಯಾರ್ಕ್ ರಾಜ್ಯದಲ್ಲಿ ಹದಿನಾರು ದಾಟಿದ ಹುಡುಗ ಸಿಕ್ಕಿಬಿದ್ದರೆ ಅವನನ್ನು ದೊಡ್ಡವರ ಹಾಗೇ ವಿಚಾರಣೆ ಮಾಡುತ್ತಿದ್ದರು ಅನ್ನುವುದೂ ನೆನಪಿರಲಿ. ಅದನ್ನು ಬದಲಿಸುವ ಕಾನೂನು ಬಂದದ್ದು 2017ರಲ್ಲಿ, ಪೂರ್ತಿ ಜಾರಿಯಾದದ್ದು 2019ರಲ್ಲಿ.

ಇನ್ನೂ ವಿಚಿತ್ರವಾದದ್ದು ನೀರಿನ ಮೇಲಿತ್ತು. 1992ರಲ್ಲಿ ಹಂಟ್ಸ್ ಪಾಯಿಂಟಿನ ದಡಕ್ಕೆ ಒಂದು ದೊಡ್ಡ ಬಾರ್ಜ್, ಅಂದರೆ ಚಪ್ಪಟೆ ತಳದ ಹಡಗು, ತಂದು ಕಟ್ಟಿದರು. ವರ್ನನ್ ಸಿ. ಬೇನ್ ಕರೆಕ್ಷನಲ್ ಸೆಂಟರ್ ಅಂತ ಅದರ ಹೆಸರು. ತೇಲುವ ಜೈಲು. ಒಳಗೆ 800 ಹಾಸಿಗೆ. ನಡುವೆ ಕೆಲವು ಕಾಲ ಚಿಕ್ಕ ವಯಸ್ಸಿನವರನ್ನೂ ಅಲ್ಲಿ ಇಟ್ಟಿದ್ದರು. ತಾತ್ಕಾಲಿಕ ಅಂತ ಬಂದ ಹಡಗು 2023ರವರೆಗೂ ಜೈಲಾಗಿಯೇ ಇತ್ತು. ಕೈದಿಗಳು ಅದನ್ನು ಸುಮ್ನೆ ‘ದಿ ಬೋಟ್’ ಅನ್ನುತ್ತಿದ್ದರು. ಅಂದರೆ ಆ ಕೇರಿಯಲ್ಲಿ ಬೆಳೆದ ಒಬ್ಬ ಹುಡುಗನಿಗೆ ಬೋಟ್ ಅಂದಾಗ ಮೊದಲು ನೆನಪಾಗುವುದು ಅಣ್ಣನೋ ಮಾವನೋ ಹೋಗಿ ಕೂತಿದ್ದ ಆ ನೀಲಿ ಬಿಳಿ ಕಟ್ಟಡವೇ ಆಗಿದ್ದರೆ ಆಶ್ಚರ್ಯವಿಲ್ಲ.

ಆ ಬಾರ್ಜಿನಿಂದ ಹೆಚ್ಚು ದೂರವಿಲ್ಲದ ಕಡೆ, ಅದೇ ವರ್ಷಗಳಲ್ಲಿ, ಮಕ್ಕಳು ಕೈಯಾರೆ ದೋಣಿ ಕಟ್ಟಿ ನೀರಿಗೆ ಇಳಿಸುತ್ತಿದ್ದರು.

ನದಿಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಾಂಕ್ಸ್ ನದಿ ಸುಮಾರು 37 ಕಿಲೋಮೀಟರ್ ಉದ್ದ. ನಗರದೊಳಗೆ ಹರಿಯುವ ಒಂದೇ ಒಂದು ಸಿಹಿನೀರಿನ ನದಿ. ಕಾರ್ಖಾನೆ, ರೈಲು ಹಳಿ, ಗುಜರಿ ಅಂಗಡಿ ಎಲ್ಲ ಸೇರಿ ಅದನ್ನು ಮುಚ್ಚಿಬಿಟ್ಟಿದ್ದವು. ನಾಲ್ಕು ಬೀದಿ ಆಚೆಗಿನ ಮನೆಯವರಿಗೂ ಅಲ್ಲೊಂದು ನದಿ ಇದೆ ಅಂತ ಕಾಣುತ್ತಿರಲಿಲ್ಲ. ಅದೇ ಕೇರಿಯ ಮೆಜೋರಾ ಕಾರ್ಟರ್ ಒಂದು ದಿನ ನಾಯಿ ಓಡಾಡಿಸಲು ಹೋಗಿದ್ದರಂತೆ. ನಾಯಿ ಅವರನ್ನು ಕಸದ ರಾಶಿಯೊಳಗೆ ಎಳೆದುಕೊಂಡು ಹೋಯಿತು, ರಾಶಿಯ ಆಚೆ ನದಿ ಸಿಕ್ಕಿತು. ಆ ಕಸದ ಜಾಗವೇ ಮುಂದೆ ಹಂಟ್ಸ್ ಪಾಯಿಂಟ್ ರಿವರ್‌ಸೈಡ್ ಪಾರ್ಕ್ ಆಯಿತು. 2007ರಲ್ಲಿ ಈ ನದಿಯಲ್ಲಿ ಒಂದು ಬೀವರ್, ಹಲ್ಲಿನಿಂದ ಮರ ಕಡಿದು ನೀರಿಗೆ ಅಡ್ಡ ಕಟ್ಟೆ ಕಟ್ಟುವ ಪ್ರಾಣಿ, ಕಾಣಿಸಿಕೊಂಡಿತು. ಸುಮಾರು 200 ವರ್ಷಗಳ ನಂತರ ನಗರದಲ್ಲಿ ಕಂಡ ಮೊದಲ ಬೀವರ್! ನದಿ ಶುದ್ಧ ಮಾಡಲು ಹಣ ತಂದ ಸಂಸದ ಹೋಸೆ ಸೆರಾನೊ ಅವರ ಗೌರವಕ್ಕೆ ಅದಕ್ಕೆ ಹೋಸೆ ಅಂತ ಹೆಸರಿಟ್ಟರು. ನಮ್ಮಲ್ಲಾದರೆ ಸಂಸದರ ಹೆಸರು ಬಸ್ ಸ್ಟಾಪಿಗೆ ಬೀಳುತ್ತದೆ. ಬೀವರ್ ವಾಸಿ ಅಲ್ವಾ?

ರಾಕಿಂಗ್ ದಿ ಬೋಟ್ ಶುರುವಾದದ್ದು ಯಾವ ಯೋಜನೆಯಿಂದಲೂ ಅಲ್ಲ. 1996ರಲ್ಲಿ ಆಡಮ್ ಗ್ರೀನ್ ಅನ್ನುವ ಹುಡುಗ ವಾಸರ್ ಕಾಲೇಜಿಗೆ ಒಂದು ಸೆಮಿಸ್ಟರ್ ರಜೆ ಹಾಕಿ ಈಸ್ಟ್ ಹಾರ್ಲೆಮ್‌ನ ಒಂದು ಶಾಲೆಯಲ್ಲಿ ಸ್ವಯಂಸೇವಕನಾಗಿ ಸೇರಿದ. ಅಲ್ಲಿನ ಮಕ್ಕಳ ಜೊತೆ ಒಂದು ಪುಟ್ಟ ದೋಣಿ ಕಟ್ಟಿದ. ಮುಂದೆ ಅದು ಬ್ರಾಂಕ್ಸ್‌ಗೆ ಬಂತು, 2001ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಈಗ ದೋಣಿ ಕಟ್ಟುವುದರ ಜೊತೆಗೆ ಹಾಯಿದೋಣಿ ನಡೆಸುವುದು, ನದಿಯ ನೀರು, ಮೀನು, ಸಿಂಪಿಗಳ ಅಧ್ಯಯನ ಎಲ್ಲವೂ ಇವೆ. ಮಕ್ಕಳಿಗೆ ಶುಲ್ಕವಿಲ್ಲ. ಸ್ವಲ್ಪ ಕಲಿತ ಮೇಲೆ ಅಪ್ರೆಂಟಿಸ್ ಆದರೆ ಸಂಬಳವೂ ಉಂಟು. ಸಂಸ್ಥೆಯೊಳಗೇ ಸೋಷಿಯಲ್ ವರ್ಕರ್‌ಗಳಿದ್ದಾರೆ. ಇದು ಮುಖ್ಯ, ಆಮೇಲೆ ಮತ್ತೆ ಹೇಳುತ್ತೇನೆ.

ಅವರು ಕಟ್ಟುವ ದೋಣಿಗಳಲ್ಲಿ ಮುಖ್ಯವಾದದ್ದು ವೈಟ್‌ಹಾಲ್. ಹುಟ್ಟು ಹಾಕುವ ತೆಳ್ಳನೆಯ ದೋಣಿ. ಮ್ಯಾನ್‌ಹಟನ್ನಿನ ತುದಿಯ ವೈಟ್‌ಹಾಲ್ ಬೀದಿಯಿಂದ ಆ ಹೆಸರು ಬಂತು ಅನ್ನುತ್ತಾರೆ. ಹಡಗುಗಳು ಬಂದರಿನಲ್ಲಿ ಲಂಗರು ಹಾಕಿದ ಕೂಡಲೇ ದಲ್ಲಾಳಿಗಳು, ಸಾಮಾನು ಮಾರುವವರು, ವಸತಿಗೃಹದವರು ಗಿರಾಕಿ ಹಿಡಿಯಲು ಇಂಥ ದೋಣಿಗಳಲ್ಲಿ ಪೈಪೋಟಿ ಮೇಲೆ ಧಾವಿಸುತ್ತಿದ್ದರು. ವೇಗ ಬೇಕು, ಅಲೆ ತಡೆಯಬೇಕು, ಒಬ್ಬನೇ ಹುಟ್ಟು ಹಾಕುವಂತಿರಬೇಕು. ಆ ಅವಸರದಿಂದಲೇ ಅಷ್ಟು ಚೆಂದದ ಆಕಾರ ಬಂತು.

ನಾನು ಗಂಗೊಳ್ಳಿ ಕಡೆಯವಳು. ದೋಣಿ ಕಟ್ಟುವುದನ್ನು ಚಿಕ್ಕಂದಿನಲ್ಲಿ ದಂಡೆಯ ಮೇಲೆ ನೋಡಿದ್ದೇನೆ. ನಮ್ಮ ಕಡೆಯ ಆಚಾರಿಗಳಿಗೆ ನಕ್ಷೆ ಬೇಕಿರಲಿಲ್ಲ. ಒಂದು ಹಲಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ‘ಹೂಂ’ ಅಂದರೆ ಆಯಿತು. ಹತ್ತಿರ ಹೋದರೆ ಬೈಗುಳ. ಕಲಿಸುವುದು ಅಂತ ಬೇರೆ ಇರಲಿಲ್ಲ, ಮಗ ಅಪ್ಪನ ಹಿಂದೆ ಓಡಾಡುತ್ತಲೇ ಕಲಿಯುತ್ತಿದ್ದ. ಮಗಳ ವಿಚಾರ ಬಿಡಿ.

ಅಮೆರಿಕದ ಈ ಕಾರ್ಯಾಗಾರಗಳಲ್ಲಿ ಅಪ್ಪನೇ ಇಲ್ಲ. ಹಾಗಾಗಿ ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಬೇಕು. ಶುರುವಾಗುವುದು ಲಾಫ್ಟಿಂಗ್‌ನಿಂದ. ದೋಣಿಯ ಪೂರ್ತಿ ಅಳತೆಯ ಚಿತ್ರವನ್ನು ನೆಲದ ಮೇಲೆ ಬರೆಯುವುದು. ಅಳತೆಗಳು ಒಂದು ಕೋಷ್ಟಕದಲ್ಲಿ ಇರುತ್ತವೆ. 1-3-5 ಅಂತ ಬರೆದಿದ್ದರೆ ಒಂದು ಅಡಿ, ಮೂರು ಇಂಚು, ಎಂಟರಲ್ಲಿ ಐದು ಭಾಗ. ಅಮೆರಿಕದ ಬಡಗಿಗಳಿಗೆ ಇನ್ನೂ ಇಂಚಿನ ಟೇಪೇ ಗತಿ. ಇಂಚಿನ ಟೇಪು ಅಂದರೆ ಪೂರ್ತಿ ಭಿನ್ನರಾಶಿ. ಅರ್ಧ, ಕಾಲು, ಎಂಟನೇ ಒಂದು, ಹದಿನಾರನೇ ಒಂದು. ಐದನೇ ಕ್ಲಾಸಿನಲ್ಲಿ ಭಿನ್ನರಾಶಿಯ ಹತ್ತಿರ ಗಣಿತದ ಕೈ ಬಿಟ್ಟ ಮಗುವನ್ನು ಹದಿನೈದನೇ ವಯಸ್ಸಿನಲ್ಲಿ ಅದೇ ಭಿನ್ನರಾಶಿಯ ಮುಂದೆ ಮತ್ತೆ ಕೂರಿಸಿದ ಹಾಗಾಯಿತು. ಈ ಸಲ ಪರೀಕ್ಷೆ ಇಲ್ಲ. ಗುರುತು ಹಾಕಿದ ಬಿಂದುಗಳ ಮೇಲೆ ಮೊಳೆ ಹೊಡೆದು, ಬಳುಕುವ ಉದ್ದನೆಯ ಮರದ ಪಟ್ಟಿಯನ್ನು ಅವುಗಳ ಪಕ್ಕ ಬಾಗಿಸುತ್ತಾರೆ. ಒಂದು ಬಿಂದು ತಪ್ಪಿದ್ದರೆ ಪಟ್ಟಿ ಅಲ್ಲಿ ಸೊಟ್ಟಗಾಗುತ್ತದೆ. ಮೇಷ್ಟ್ರು ಕೆಂಪು ಇಂಕಿನಲ್ಲಿ ಬರೆಯುವ ಮೊದಲೇ ತಪ್ಪು ಕಣ್ಣಿಗೆ ಬೀಳುತ್ತದೆ. ಕೋಷ್ಟಕ ಒಂದು ಹೇಳಿ, ಕಣ್ಣು ಇನ್ನೊಂದು ಹೇಳಿದರೆ ಕಣ್ಣನ್ನೇ ನಂಬಬೇಕು. ಪಠ್ಯಪುಸ್ತಕದ ಸಂಖ್ಯೆಯೇ ತಪ್ಪಿರಬಹುದು, ನಿನ್ನ ಕಣ್ಣು ಸರಿಯಿರಬಹುದು ಅಂತ ಶಾಲೆಯಲ್ಲಿ ಯಾವ ಮಗುವಿಗೆ ಯಾರು ಹೇಳುತ್ತಾರೆ ಹೇಳಿ?

ಆಮೇಲೆ ಪಕ್ಕೆಲುಬು. ದೋಣಿಯ ಒಳಗಿನ ಆ ಬಾಗಿದ ಪಟ್ಟಿಗಳನ್ನು ಓಕ್ ಮರದಿಂದ ಮಾಡುತ್ತಾರೆ. ಮರವನ್ನು ಕೊರೆದು ಬಾಗಿಸುವುದಲ್ಲ, ಹಬೆಯಲ್ಲಿ ಬೇಯಿಸಿ ಬಗ್ಗಿಸುವುದು. ಉದ್ದನೆಯ ಪೆಟ್ಟಿಗೆಯೊಳಗೆ ಹಬೆ ಬಿಟ್ಟು, ಒಂದು ಇಂಚು ದಪ್ಪಕ್ಕೆ ಒಂದು ಗಂಟೆ ಲೆಕ್ಕದಲ್ಲಿ ಬೇಯಿಸುತ್ತಾರೆ. ಹೊರಗೆ ತೆಗೆದ ಮೇಲೆ ಸಿಗುವ ಸಮಯ ತುಂಬಾ ಕಮ್ಮಿ. ನಿಮಿಷದೊಳಗೆ ಅದು ಬಿಗಿಯಲು ಶುರು. ಒಬ್ಬರು ಪೆಟ್ಟಿಗೆ ತೆಗೆಯಬೇಕು. ಒಬ್ಬರು ಕೈಗವಸು ಹಾಕಿಕೊಂಡು ಓಡಬೇಕು. ಒಬ್ಬರು ದೋಣಿಯೊಳಗೆ ನಿಂತು ಕಾಲಲ್ಲಿ ಒತ್ತಬೇಕು. ಇನ್ನಿಬ್ಬರು ಕ್ಲಾಂಪ್ ಹಾಕಬೇಕು. ಯಾರು ಯಾರ ಮಾತು ಕೇಳಬೇಕು ಅನ್ನುವ ಜಗಳಕ್ಕೆ ಅಲ್ಲಿ ಟೈಮೇ ಇಲ್ಲ. ನಿನ್ನೆ ಯಾರ ಮೇಲೆ ಸಿಟ್ಟಿತ್ತೋ ಅವನ ಕೈಯಿಂದಲೇ ಬಿಸಿ ಪಟ್ಟಿ ತಗೊಳ್ಳಬೇಕು. ಕೆಲವು ಪಟ್ಟಿಗಳು ಟಪ್ ಅಂತ ಮುರಿಯುತ್ತವೆ. ಮುರಿಯುತ್ತವೆ ಅಂತ ಗೊತ್ತಿದ್ದೇ ಹೆಚ್ಚಿಗೆ ಬೇಯಿಸಿಟ್ಟಿರುತ್ತಾರೆ. ನಾನು ಬೇರೆ ಊರಿನ ಒಂದು ವಾರಾಂತ್ಯದ ಶಿಬಿರದಲ್ಲಿ ಇದನ್ನು ಮಾಡಿ ನೋಡಿದ್ದೇನೆ. ಆಫೀಸಿನಲ್ಲಿ ನಮಗೆ ವರ್ಷವರ್ಷವೂ ಹೋಟೆಲಿನ ಎಸಿ ಹಾಲಿನಲ್ಲಿ ಕೂರಿಸಿ ಮಾಡಿಸುವ ‘ಟೀಮ್ ಬಿಲ್ಡಿಂಗ್’ ನೆನಪಾಗಿ ನಗು ಬಂತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಾಮ್ರದ ಮೊಳೆ ಹೊಡೆಯುವ ಕೆಲಸ. ಒಂದು ಹಲಗೆಯ ಅಂಚು ಇನ್ನೊಂದರ ಮೇಲೆ ಹತ್ತಿ ಕೂರುವ ಬಗೆಯ ದೋಣಿಗಳಲ್ಲಿ ಹಲಗೆಗಳನ್ನು ತಾಮ್ರದ ಮೊಳೆಯಿಂದ ಬಿಗಿಯುತ್ತಾರೆ. ಮೊಳೆ ಹೊರಗಿನಿಂದ ಒಳಕ್ಕೆ ಬರುತ್ತದೆ. ಒಳಗಿರುವವನು ಅದರ ತುದಿಗೆ ತಾಮ್ರದ ಪುಟ್ಟ ವಾಷರ್ ತೂರಿಸಿ, ಹೆಚ್ಚಾದ ತುದಿ ಕತ್ತರಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅರಳಿಸಬೇಕು. ಅಷ್ಟೂ ಹೊತ್ತು ಹೊರಗಿರುವವನು ಮೊಳೆಯ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿದಿರಬೇಕು. ಮಧ್ಯೆ ದೋಣಿಯ ಗೋಡೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹೊರಗಿನವನು ಸರಿಯಾದ ಮೊಳೆಯ ಮೇಲೆ ಕಬ್ಬಿಣ ಹಿಡಿದಿದ್ದಾನೋ ಇಲ್ಲವೋ ಅಂತ ಒಳಗಿನವನಿಗೆ ಗೊತ್ತಾಗುವುದು ಸದ್ದಿನಿಂದ, ಕೈಗೆ ಬರುವ ಅದುರಿನಿಂದ. ಹಿಡಿತ ತಪ್ಪಿದರೆ ಸದ್ದು ಬದಲಾಗುತ್ತದೆ. ಒಂದು ದೋಣಿಗೆ ಇಂಥ ಮೊಳೆಗಳು ನೂರಾರು. ಮಾತಾಡದ ಹುಡುಗರೂ ಎರಡು ದಿನದಲ್ಲಿ ‘ಹಿಡಿದೆಯಾ?’ ‘ಹಿಡಿದೆ’ ಅನ್ನಲು ಶುರು ಮಾಡುತ್ತಾರೆ. ಬೇರೆ ದಾರಿಯೇ ಇಲ್ಲ. ಜೀವನ ಕೌಶಲ ಅಂತ ನಮ್ಮ ಶಾಲೆಗಳಲ್ಲಿ ಪೀರಿಯಡ್ ಇಟ್ಟು, ಚಾರ್ಟ್ ಬರೆಸಿ ಹೇಳಿಕೊಡುವುದು ಇದನ್ನೇ. ಇಲ್ಲಿ ಅದರ ಹೆಸರನ್ನೂ ಯಾರೂ ಎತ್ತುವುದಿಲ್ಲ.

ಈಗ ನನ್ನ ವಾದಕ್ಕೆ ಬರುತ್ತೇನೆ.

ನಮ್ಮಲ್ಲಿ ಓದದ ಹುಡುಗನಿಗೆ ಮನೆಯವರು ಹಾಕುವ ಬೆದರಿಕೆ ಗೊತ್ತಲ್ಲ: ‘ಹಿಂಗೇ ಆಡ್ತಿರು, ಗ್ಯಾರೇಜಿಗೆ ಸೇರಿಸಿಬಿಡ್ತೀನಿ.’ ನನ್ನ ಅಣ್ಣನೂ ಇದನ್ನೇ ಅವನ ಮಗನಿಗೆ ಹೇಳುತ್ತಾನೆ. ‘ನಿಂಗೆ ಅಮೆರಿಕದಲ್ಲಿ ಕೂತು ಹೇಳೋದು ಸುಲಭ ಕಣೆ, ಅವನು ಗಣಿತದಲ್ಲಿ ಮೂವತ್ತೈದು ತಗೊಂಡ್ರೆ ಸಾಕಾಗಿದೆ ನಂಗೆ’ ಅಂತ ಫೋನಿನಲ್ಲಿ ನನಗೂ ಬೈದಿದ್ದಾನೆ. ಅಣ್ಣ ಕೆಟ್ಟವನಲ್ಲ. ಆದರೆ ಕೈಕೆಲಸ ಅಂದರೆ ಶಿಕ್ಷೆ ಅಂತ ಮಗುವಿಗೆ ಹತ್ತು ವರ್ಷ ಹೇಳಿ, ಹನ್ನೊಂದನೇ ವರ್ಷ ‘ಸರಿ, ಐಟಿಐ ಸೇರು, ಕೈಕೆಲಸಕ್ಕೆ ಒಳ್ಳೇ ಬೆಲೆ ಇದೆ’ ಅಂದರೆ ಮಗು ನಂಬುತ್ತದಾ? ಅದಕ್ಕೆ ಕೇಳಿಸುವುದು ‘ನೀನು ಸೋತೆ’ ಅಂತ ಮಾತ್ರ.

ನಮ್ಮಲ್ಲಿ ಇನ್ನೂ ಒಂದು ಗಂಟು ಇದೆ. ಪ್ರತಿ ಕಸುಬಿಗೂ ಒಂದು ಜಾತಿ ಅಂಟಿಕೊಂಡಿದೆ. ಮರ ಕೆತ್ತುವುದು ಇವರದ್ದು, ಚರ್ಮ ಅವರದ್ದು, ಮಡಕೆ ಇನ್ಯಾರದ್ದೋ. ಬಡಗಿ ಮಗನಿಗೆ ಬಡಗಿ ಕೆಲಸ ಕಲಿಸಿದರೆ ‘ನಿನ್ನ ಹಣೆಬರಹ ಇಷ್ಟೇ’ ಅಂದ ಹಾಗಾಗುತ್ತದೆ. ಬೇರೆಯವರ ಮಗನಿಗೆ ಕಲಿಸಿದರೆ ಮನೆಯವರಿಗೆ ಅವಮಾನ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮ್ ಅಂತ ಹೇಳಿದ್ದು ಈ ಗಂಟನ್ನು ಬಿಚ್ಚಲಿಕ್ಕೇ. ಕಸುಬಿನ ಮೂಲಕವೇ ಲೆಕ್ಕ, ಭೂಗೋಳ, ವಿಜ್ಞಾನ ಎಲ್ಲ ಕಲಿಯಬೇಕು, ಎಲ್ಲ ಜಾತಿಯ ಮಕ್ಕಳೂ ಕಲಿಯಬೇಕು ಅಂತ. ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮವನ್ನೂ ಬರೆಯಿತು. ನಮ್ಮ ಸೋದರಮಾವ ಅಂಥ ಶಾಲೆಯಲ್ಲಿ ಓದಿದವರು. ‘ತಕಲಿ ತಿರುಗಿಸಿದ್ದು ನೆನಪಿದೆ, ಯಾಕೆ ತಿರುಗಿಸಿದ್ದು ಅಂತ ಯಾರೂ ಹೇಳಲಿಲ್ಲ’ ಅನ್ನುತ್ತಾರೆ. ಒಳ್ಳೆಯ ಯೋಚನೆ ಸರಕಾರಿ ಸುತ್ತೋಲೆಯಾದಾಗ ಹೀಗೇ ಆಗುವುದು. ಜೊತೆಗೆ ಉಳ್ಳವರ ಮಕ್ಕಳು ಆ ತಕಲಿ ಮುಟ್ಟದೆ ಬೇರೆ ಶಾಲೆಗೆ ಹೋಗುತ್ತಿದ್ದರು. ಅದು ಮಕ್ಕಳಿಗೆ ಗೊತ್ತಿತ್ತು.

ಬ್ರಾಂಕ್ಸ್‌ನ ಮಕ್ಕಳ ಮನೆಯಲ್ಲಿ ಯಾರೂ ದೋಣಿ ಕಟ್ಟಿದವರಲ್ಲ. ಹೆಚ್ಚಿನವರು ಪೋರ್ಟೊರಿಕೊ, ಡೊಮಿನಿಕನ್ ಮೂಲದವರು, ಕಪ್ಪು ಅಮೆರಿಕನ್ನರು. ಅಪ್ಪ ದೋಣಿ ಕಟ್ಟಿ ಸೋತಿಲ್ಲ, ಅಣ್ಣ ಕಟ್ಟಿ ಗೆದ್ದಿಲ್ಲ. ‘ನಿಮ್ಮಂಥವರಿಗೆ ಇದೇ ಸರಿ’ ಅಂತ ಯಾರೂ ಹೇಳಿಲ್ಲ. ಆ ಕೆಲಸದ ಮೇಲೆ ಯಾವ ಅವಮಾನವೂ ಅಂಟಿಕೊಂಡಿಲ್ಲ. ಪ್ಲಂಬಿಂಗ್ ಕಲಿಸಿದ್ದರೆ ‘ಕಾಲೇಜು ನಿನಗಲ್ಲ’ ಅನ್ನುವ ಮಾತು ಒಳಗೊಳಗೇ ಇರುತ್ತಿತ್ತು. ದೋಣಿಯಲ್ಲಿ ಅದಿಲ್ಲ, ಯಾಕೆಂದರೆ ಇವರು ಮುಂದೆ ದೋಣಿ ಕಟ್ಟುವವರಾಗಲಿ ಅಂತ ಯಾರ ಮನಸ್ಸಿನಲ್ಲೂ ಇಲ್ಲ. ಹೈಸ್ಕೂಲು ಮುಗಿಸಲಿ, ಕಾಲೇಜಿಗೆ ಹೋಗಲಿ, ಬೇಕಾದ್ದು ಮಾಡಲಿ.

ಇದು ಒಂದೇ ಜಾಗದ ಕಥೆಯಲ್ಲ. ಬೇರು ಹಿಡಿದು ಹೋದರೆ ಕುರ್ಟ್ ಹಾನ್ ಅನ್ನುವ ಮೇಷ್ಟ್ರು ಸಿಗುತ್ತಾರೆ. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಬ್ರಿಟನ್ನಿಗೆ ಬಂದವರು. 1941ರಲ್ಲಿ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಜೊತೆ ಸೇರಿ ವೇಲ್ಸ್‌ನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ತೆರೆದರು. ಯುದ್ಧದಲ್ಲಿ ಹಡಗು ಮುಳುಗಿದಾಗ ಹುಡುಗರಿಗಿಂತ ವಯಸ್ಸಾದ ನಾವಿಕರೇ ಜಾಸ್ತಿ ಬದುಕಿ ಬರುತ್ತಿದ್ದಾರೆ, ಹುಡುಗರಿಗೆ ತಮ್ಮ ಮೇಲೆ ನಂಬಿಕೆ ಸಾಲದು ಅಂತ ಹೋಲ್ಟ್‌ಗೆ ಅನ್ನಿಸಿತ್ತಂತೆ. ಆ ಪರಂಪರೆಯಲ್ಲಿ ಕೆಲಸ ಮಾಡಿದ್ದ ಲ್ಯಾನ್ಸ್ ಲೀ 1972ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಅಪ್ರೆಂಟಿಸ್‌ಶಾಪ್ ಶುರು ಮಾಡಿದರು, ಮರದ ದೋಣಿ ಕಟ್ಟುವುದನ್ನು ಕಲಿಸಲು. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಪೊಟೊಮ್ಯಾಕ್ ನದಿ ದಡದ ಸೀಪೋರ್ಟ್ ಫೌಂಡೇಶನ್ ಇದನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿತು. ಶಾಲೆ ಬಿಟ್ಟ, ಕೋರ್ಟು ಕಚೇರಿ ಹತ್ತಿದ ಹುಡುಗರು ಅಲ್ಲಿ ಸಂಬಳ ಪಡೆದು ದೋಣಿ ಕಟ್ಟುತ್ತಿದ್ದರು, ಜೊತೆಗೆ ಹೈಸ್ಕೂಲಿಗೆ ಸಮನಾದ ಪರೀಕ್ಷೆಗೆ ಓದುತ್ತಿದ್ದರು. ಅದು ಮುಗಿದರೆ ಬಡಗಿಗಳ ಯೂನಿಯನ್ನಿನಲ್ಲಿ ಅಪ್ರೆಂಟಿಸ್ ಆಗುವ ದಾರಿ. ಅದನ್ನು ನಡೆಸುತ್ತಿದ್ದ ಜೋ ಯೂಚಾ ಮುಂದೆ ದೋಣಿಯ ಮೂಲಕ ಗಣಿತ ಕಲಿಸುವುದು ಹೇಗೆ ಅಂತ ಮೇಷ್ಟ್ರುಗಳಿಗೇ ತರಬೇತಿ ಕೊಡಲು ಹೊರಟರು.

ನನ್ನ ವಾದಕ್ಕೆ ಅಡ್ಡ ಬರುವ ಉದಾಹರಣೆಯೂ ಒಂದಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ, ಅಲ್ಲಿನ ಗೋವನ್. ಕ್ಲೈಡ್ ನದಿ ದಡದ ಹಡಗುಕಟ್ಟೆಗಳ ಊರು. ಮೊದಲ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಹಡಗುಗಳಲ್ಲಿ ಸುಮಾರು ಐದರಲ್ಲೊಂದು ಕ್ಲೈಡ್ ದಡದಲ್ಲೇ ಹುಟ್ಟುತ್ತಿತ್ತು. ಆಮೇಲೆ ಒಂದೊಂದೇ ಕಟ್ಟೆ ಮುಚ್ಚಿತು. ನಿರುದ್ಯೋಗ, ಕುಡಿತ, ಹೆರಾಯಿನ್. ಅಲ್ಲಿ ಕಾಲಿನ್ ಮ್ಯಾಕ್ಲಿಯೋಡ್ ಅನ್ನುವವರು ಇದ್ದರು. 1990ರ ದಶಕದಲ್ಲಿ ಪೊಲಾಕ್ ಕಾಡಿನ ಮೂಲಕ ಹೆದ್ದಾರಿ ಹೋಗಬಾರದು ಅಂತ ಮರ ಹತ್ತಿ ಕೂತವರು. ಹೆದ್ದಾರಿಯೇನೋ ಆಯಿತು. ಆ ಚಳವಳಿಯಿಂದ ಹುಟ್ಟಿದ್ದು 1997ರ ಗಾಲ್‌ಗೇಲ್ ಟ್ರಸ್ಟ್. ಕೆಲಸ ಕಳೆದುಕೊಂಡವರು, ಕುಡಿತ ಬಿಡಲು ಒದ್ದಾಡುವವರು ಸೇರಿ ಹಳೆಯ ಶೈಲಿಯ ಮರದ ದೋಣಿ ಕಟ್ಟುವ ಜಾಗ. ಕಾಲಿನ್ 2005ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು, ಕೆಲಸ ಮುಂದುವರಿದಿದೆ. ಗೋವನ್‌ನವರಿಗೆ ದೋಣಿ ಹೊಸದಲ್ಲ, ಅದು ಅಜ್ಜನ ಕೆಲಸ. ಕಳೆದುಹೋದ ಮರ್ಯಾದೆಯನ್ನು ಅವರು ಅಲ್ಲಿ ಹುಡುಕುತ್ತಾರೆ. ಹಾಗಾದರೆ ಪರಂಪರೆ ಇದ್ದರೂ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ. ಆದರೆ ಒಂದು ವ್ಯತ್ಯಾಸ ನೋಡಿ. ಗೋವನ್ ಹಡಗು ಕಟ್ಟುವವನಿಗೆ ಊರಲ್ಲಿ ಹೆಮ್ಮೆ ಇತ್ತು. ಆ ಕೆಲಸ ಹೋಯಿತಲ್ಲ ಅಂತ ಜನ ಅತ್ತರು. ನಮ್ಮಲ್ಲಿ ಕಮ್ಮಾರನ ಕುಲುಮೆ ಆರಿದಾಗ ಅವನ ಮಕ್ಕಳೇ ನಿಟ್ಟುಸಿರು ಬಿಟ್ಟರು. ತಪ್ಪಿಲ್ಲ, ಅವರಿಗೆ ಆ ಹೆಮ್ಮೆಯನ್ನು ಊರು ಯಾವತ್ತೂ ಕೊಟ್ಟಿರಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಅನುಮಾನಗಳನ್ನೂ ಹೇಳಬೇಕು. ಮೊದಲನೆಯದು, ಇದು ಚಿಕ್ಕ ಕೆಲಸ. ಒಂದು ದೋಣಿಯ ಸುತ್ತ ಎಷ್ಟು ಜನ ನಿಲ್ಲಬಹುದು? ಬ್ರಾಂಕ್ಸ್‌ನಲ್ಲಿರುವ ಮಕ್ಕಳ ಲೆಕ್ಕಕ್ಕೆ ಇದು ಬೊಗಸೆ ನೀರು. ಎರಡನೆಯದು, ಶಾಲೆ ಬಿಟ್ಟ ಮೇಲೆ ತಾನಾಗಿ ಒಂದು ಜಾಗಕ್ಕೆ ವಾರಕ್ಕೆ ಕೆಲವು ದಿನ ಬರುವ ಮಗು, ಬಾರದೆ ಉಳಿದ ಮಗುವಿಗಿಂತ ಆಗಲೇ ಒಂದು ಹೆಜ್ಜೆ ಮುಂದಿದೆ. ಹಾಗೆ ಬಂದವರಲ್ಲಿ ಹೆಚ್ಚಿನವರು ಕಾಲೇಜಿಗೆ ಹೋದರು ಅಂದರೆ ಅದರಲ್ಲಿ ದೋಣಿಯ ಪಾಲೆಷ್ಟು, ಮಗುವಿನ ಪಾಲೆಷ್ಟು? ಮೂರನೆಯದು, ದೋಣಿ ಫೋಟೋದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ದೋಣಿ ನೀರಿಗೆ ಇಳಿಯುವ ದಿನ ಹಣ ಕೊಟ್ಟವರು ಕೋಟು ಹಾಕಿಕೊಂಡು ಬಂದು ಚಪ್ಪಾಳೆ ತಟ್ಟುತ್ತಾರೆ. ಸೋಷಿಯಲ್ ವರ್ಕರ್ ಒಂದು ಮೂಲೆಯಲ್ಲಿ ಕೂತು, ಮನೆಯಿಂದ ಹೊರಹಾಕಿಸಿಕೊಂಡ ಹುಡುಗಿಗೆ ರಾತ್ರಿ ಮಲಗಲು ಜಾಗ ಹುಡುಕುವ ಫೋಟೋ ಯಾರೂ ತೆಗೆಯುವುದಿಲ್ಲ. ಆ ಕೆಲಸ ಇಲ್ಲದಿದ್ದರೆ ಬರೀ ದೋಣಿಯಿಂದ ಏನೂ ಆಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಇದನ್ನು ನೋಡಿ ನಮ್ಮಲ್ಲೂ ಮಾಡೋಣ ಅಂತ ಹೊರಡುವವರು ಮೊದಲು ಮರ ಕೊಳ್ಳುತ್ತಾರೆ. ಮೊದಲು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದ್ದು ಅಂಥ ಒಬ್ಬರನ್ನು.

ಹೀಗಿದ್ದೂ ಫೋಟೋಗೆ ಮೀರಿದ್ದು ಒಂದಿದೆ. 1841ರಲ್ಲಿ ಕಟ್ಟಿದ ಚಾರ್ಲ್ಸ್ ಡಬ್ಲ್ಯು. ಮಾರ್ಗನ್ ಅನ್ನುವ ತಿಮಿಂಗಿಲ ಬೇಟೆಯ ಹಡಗು ಕನೆಕ್ಟಿಕಟ್‌ನ ಮಿಸ್ಟಿಕ್ ಸೀಪೋರ್ಟ್‌ನಲ್ಲಿದೆ. ಅದನ್ನು ರಿಪೇರಿ ಮಾಡಿ 2014ರಲ್ಲಿ ಮತ್ತೆ ಸಮುದ್ರಕ್ಕೆ ಇಳಿಸಿದರು. ಹಡಗಿನ ಜೊತೆ ಇರಬೇಕಾದ ಬೇಟೆದೋಣಿಗಳನ್ನು ದೇಶದ ಬೇರೆ ಬೇರೆ ಕಡೆ ಕಟ್ಟಿಸಿದರು. ಅದರಲ್ಲಿ ಒಂದನ್ನು ಕಟ್ಟಿದ್ದು ಬ್ರಾಂಕ್ಸ್‌ನ ಈ ಮಕ್ಕಳು. ಮ್ಯೂಸಿಯಮ್ಮಿನವರು ಕನಿಕರಕ್ಕೆ ದೋಣಿ ತಗೊಳ್ಳುವುದಿಲ್ಲ. ಅಳತೆ ಸರಿಯಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೊಸ ಮರದ ದೋಣಿ ನೀರಿಗಿಳಿದ ದಿನ ಸೋರುತ್ತದೆ, ಅದೂ ಹೇಳಿಬಿಡುತ್ತೇನೆ. ಹಲಗೆ ನೀರು ಕುಡಿದು ಉಬ್ಬಿ ಸಂದು ಮುಚ್ಚಲು ಒಂದೆರಡು ದಿನ ಬೇಕು. ಮೊದಲ ಸಲ ನೋಡುವವರ ಎದೆ ಧಸಕ್ ಅನ್ನುತ್ತದೆ. ಮಾಡಿದವರು ಮಾತ್ರ ಡಬ್ಬ ತಗೊಂಡು ನೀರು ಮೊಗೆದು ಹಾಕುತ್ತಾ ಆರಾಮಾಗಿರುತ್ತಾರೆ.

ಊರಿನಲ್ಲಿ ಇಂಥದ್ದು ಮಾಡುವುದಾದರೆ ಏನು ಮಾಡಬಹುದು ಅಂತ ಈಚೆಗೆ ಯೋಚಿಸುತ್ತಿರುತ್ತೇನೆ. ನಮ್ಮ ಕರಾವಳಿಯಲ್ಲೂ ಮರದ ದೋಣಿಯ ಜಾಗಕ್ಕೆ ಫೈಬರು, ಉಕ್ಕು ಬಂದಿವೆ. ಆದರೆ ಮಲೆನಾಡಿನ, ಬಯಲುಸೀಮೆಯ ಮಕ್ಕಳಿಗೆ ದೋಣಿ ಯಾಕೆ? ಬೇಕಾದ್ದು ಒಬ್ಬರಿಂದಲೇ ಆಗದಷ್ಟು ದೊಡ್ಡದಾಗಿರಬೇಕು. ಸರಿಯೋ ತಪ್ಪೋ ಅಂತ ಮೇಷ್ಟ್ರು ಹೇಳಬಾರದು, ವಸ್ತುವೇ ಹೇಳಬೇಕು. ಯಾವ ಜಾತಿಯ ಕೆಲಸವೂ ಆಗಿರಬಾರದು. ಕೊನೆಯದು ತುಂಬಾ ಕಷ್ಟ. ತೇರು ಕಟ್ಟುವುದು ಮನಸ್ಸಿಗೆ ಬಂತು. ದೊಡ್ಡದು, ಚೆಂದದ್ದು, ಚಕ್ರ ಸೊಟ್ಟಗಿದ್ದರೆ ಊರೆಲ್ಲ ಸೇರಿ ಎಳೆದರೂ ಜಗ್ಗುವುದಿಲ್ಲ. ಆದರೆ ತೇರಿನ ಹಗ್ಗ ಯಾರು ಮುಟ್ಟಬೇಕು ಅಂತಲೇ ನಮ್ಮಲ್ಲಿ ಹೊಡೆದಾಟಗಳಾಗಿವೆ. ಹರಿಗೋಲು ಹೆಣೆಯಬಹುದು. ಅದು ಬೇಗ ಮುಗಿಯುತ್ತದೆ, ಮತ್ತೆ ಅದಕ್ಕೂ ಅಂಬಿಗರ ಹೆಸರಿದೆ. ಎತ್ತಿನ ಗಾಡಿ ಮಾಡಿದರೆ ಎತ್ತೆಲ್ಲಿ?

ಈಗ ನನ್ನ ಮನಸ್ಸು ನಿಂತಿರುವುದು ದೂರದರ್ಶಕದ ಮೇಲೆ. ಟಿವಿಯ ದೂರದರ್ಶನ ಅಲ್ಲ, ಟೆಲಿಸ್ಕೋಪು. ಆರು ಇಂಚಿನ ಗಾಜಿನ ಬಿಲ್ಲೆಯನ್ನು ಇನ್ನೊಂದು ಗಾಜಿನ ಮೇಲೆ ಕಾರ್ಬೊರಂಡಂ ಪುಡಿ, ನೀರು ಹಾಕಿ ಗಂಟೆಗಟ್ಟಲೆ ಉಜ್ಜಿದರೆ ನಿಧಾನಕ್ಕೆ ಅದು ತಗ್ಗಾಗಿ ಕನ್ನಡಿಯ ಆಕಾರಕ್ಕೆ ಬರುತ್ತದೆ. ಕೈಯಲ್ಲೇ ಮಾಡುವ ಕೆಲಸ. ಬೆಳಕಿನ ಅಲೆಯ ಉದ್ದಕ್ಕಿಂತ ಸಣ್ಣ ತಪ್ಪೂ ಪರೀಕ್ಷೆ ಮಾಡಿದರೆ ಕಾಣುತ್ತದೆ. ಒಬ್ಬೊಬ್ಬರೇ ಉಜ್ಜಿದರೆ ತೋಳು ಬಿದ್ದುಹೋಗುತ್ತದೆ, ಪಾಳಿ ಹಾಕಿಕೊಳ್ಳಲೇಬೇಕು. ಕೊಳವೆ, ಸ್ಟ್ಯಾಂಡು ಮಾಡಲು ಮರಗೆಲಸ ಬೇಕು. ಇದು ಯಾವ ಜಾತಿಯ ಕಸುಬೂ ಅಲ್ಲ. ಇದರಿಂದ ಯಾರಿಗೂ ನೌಕರಿ ಸಿಗುವುದಿಲ್ಲ.

ಅಣ್ಣನಿಗೆ ಹೇಳಿದೆ. ಗಣಿತ ಬಿಟ್ಟು ಇನ್ನೇನಾದರೂ ಹೇಳು ಅಂದ. ಅವನ ಮಗ ಪಕ್ಕದಲ್ಲೇ ಇದ್ದನಂತೆ, ಫೋನ್ ತಗೊಂಡ. ‘ಅತ್ತೆ, ಅದ್ರಲ್ಲಿ ಏನು ಕಾಣ್ಸುತ್ತೆ?’ ಶನಿಗ್ರಹದ ಬಳೆ ಕಾಣಿಸುತ್ತೆ ಅಂದೆ. ‘ಮನೇಲಿ ದಿನಾ ನಂಗೆ ಶನಿ ಶನಿ ಅಂತ ಬೈತಾರೆ ಅತ್ತೆ, ನೋಡೇಬಿಡ್ತೀನಿ’ ಅಂದ. ಮುಂದಿನ ರಜೆಗೆ ಊರಿಗೆ ಹೋಗುವಾಗ ಗಾಜಿನ ಬಿಲ್ಲೆ ಎರಡು ತರಲು ಹೇಳಿದ್ದಾನೆ. ಭಾರ ಇರುತ್ತದೆ. ಬ್ಯಾಗಿನಲ್ಲಿ ಅಣ್ಣನ ಚಾಕೊಲೇಟು, ಅತ್ತಿಗೆಯ ಬಾದಾಮಿ ಕಮ್ಮಿ ಮಾಡಬೇಕು.